ಕತ್ತಿಯ ಭಯ ಬಿಡಿಸಿದ ಕಣ್ಣಿನ ಡಾಕ್ಟರು



ನಿಮ್ಮ ಮನೆಯಲ್ಲಿ ಕಣ್ಣು ಮಂಜಾದ ಹಿರಿಯರು ಯಾರಾದರೂ ಇದ್ದಾರೆಯೇ? ಸಂಜೆಯಾಗುತ್ತಲೇ ಗೋಡೆ ಹಿಡಿದು ನಡೆಯುವವರು, ಬಾಗಿಲಲ್ಲಿ ನಿಂತ ಮಗನನ್ನು ಧ್ವನಿಯಿಂದ ಗುರುತಿಸುವವರು? ಇದ್ದರೆ ಅವರ ಬಳಿ ಒಮ್ಮೆ ಆಪರೇಷನ್ ಮಾತೆತ್ತಿ ನೋಡಿ. ಕಾರಣಗಳು ಒಂದರ ಹಿಂದೊಂದು ಬರುತ್ತವೆ. ಕಣ್ಣಿಗೆ ಕತ್ತಿ ಹಾಕಿಸಿಕೊಂಡು ಉದ್ಧಾರವಾದವರು ಯಾರು? ಅಲ್ಲಾಹನು ಕೊಟ್ಟ ದೇಹವನ್ನು ಕೊಯ್ಯಿಸಬಹುದೇ? ಪೊರೆ ಇನ್ನೂ ಬಲಿತಿಲ್ಲ. ಈ ವಯಸ್ಸಿನಲ್ಲಿ ಇನ್ನೇನು ನೋಡಬೇಕಾಗಿದೆ? ಎಲ್ಲಕ್ಕಿಂತ ಮಿಗಿಲಾಗಿ, ಆಪರೇಷನ್ ಆದರೆ ಸುಜೂದ್ ಮಾಡಲು ಬಿಡುವುದಿಲ್ಲವಂತೆ. ಈ ಐದು ಮಾತುಗಳನ್ನೂ ನಾನು ನಮ್ಮ ನಾನಿಯ ಬಾಯಿಂದ ಕೇಳಿ ಬೆಳೆದವನು.

ನಮ್ಮದು ಚಿಕ್ಕಜಾಜೂರು. ಬೆಂಗಳೂರು ಹುಬ್ಬಳ್ಳಿ ರೈಲುದಾರಿಯಿಂದ ಚಿತ್ರದುರ್ಗ, ರಾಯದುರ್ಗದ ಕಡೆಗೆ ಹಳಿ ಕವಲೊಡೆಯುವ ಜಂಕ್ಷನ್. ಊರಿಗಿಂತ ಸ್ಟೇಷನ್ನೇ ಹೆಸರುವಾಸಿ. ಚಿಕ್ಕಂದಿನಲ್ಲಿ ದಾವಣಗೆರೆಯಿಂದ ಬರುವ ರೈಲಿನಿಂದ ದಪ್ಪ ಗಾಜಿನ ಕನ್ನಡಕದ ಮುದುಕರು ಇಳಿಯುವುದನ್ನು ನೋಡುತ್ತಿದ್ದೆ. ಆ ಗಾಜಿನ ಹಿಂದೆ ಅವರ ಕಣ್ಣು ಎರಡು ಪಟ್ಟು ದೊಡ್ಡದಾಗಿ ಕಾಣುತ್ತಿತ್ತು. ದೊಡ್ಡವರು ಅವರನ್ನು ತೋರಿಸಿ ಮೋದಿ ಕ್ಯಾಂಪಿನವರು ಎನ್ನುತ್ತಿದ್ದರು. ಆಪರೇಷನ್ ಮಾಡಿದ ಡಾಕ್ಟರು ಯಾರೇ ಇರಲಿ, ಆ ಪೀಳಿಗೆಯವರಿಗೆ ಕಣ್ಣಿನ ಶಿಬಿರವೆಂದರೆ ಮೋದಿ ಕ್ಯಾಂಪು. ಒಬ್ಬ ಮನುಷ್ಯನ ಹೆಸರು ಒಂದು ಕೆಲಸದ ಹೆಸರೇ ಆಗಿಬಿಡುವುದು ಅಪರೂಪ. ಆ ಮನುಷ್ಯನ ಬದುಕನ್ನು ಈ ಸಲ ನಿಮ್ಮ ಮುಂದಿಡುತ್ತಿದ್ದೇನೆ.

ಅವರು ನಮ್ಮ ಧರ್ಮದವರಲ್ಲ. ಈ ಪುಟಗಳಲ್ಲಿ ಅವರ ಕಥೆ ಏಕೆಂದು ಕೆಲವರಿಗೆ ಅನಿಸಬಹುದು. ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ಎದೆನೋವಿನಿಂದ ಮಲಗಿದ್ದಾಗ ಪ್ರವಾದಿಯವರು(ಸ) ಅವರನ್ನು ಸಕೀಫ್ ಗೋತ್ರದ ವೈದ್ಯ ಹಾರಿಸ್ ಬಿನ್ ಕಲದನ ಬಳಿಗೆ ಹೋಗುವಂತೆ ಹೇಳಿದ ವಿಷಯ ಹದೀಸ್ ಗ್ರಂಥದಲ್ಲಿದೆ. ಆ ವೈದ್ಯ ಇಸ್ಲಾಮ್ ಸ್ವೀಕರಿಸಿರಲಿಲ್ಲವೆಂದು ಅನೇಕ ವಿದ್ವಾಂಸರು ಬರೆದಿದ್ದಾರೆ. ವಿದ್ಯೆ ಬಲ್ಲವನ ಬಳಿಗೆ ರೋಗಿಯನ್ನು ಕಳುಹಿಸಿದ್ದು, ಅಷ್ಟೇ. ನಾವೂ ಅಷ್ಟರಲ್ಲೇ ನಿಲ್ಲೋಣ.

ಮುರುಗಪ್ಪ ಚನ್ನವೀರಪ್ಪ ಮೋದಿ ಹುಟ್ಟಿದ್ದು 1916ರಲ್ಲಿ, ಬೀಳಗಿಯಲ್ಲಿ. ಬೀಳಗಿ ಆಗ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಯ ಊರು, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಬೆಳಗಾವಿಯಲ್ಲಿ ವೈದ್ಯವಿದ್ಯೆ ಕಲಿತು, ಮುಂಬೈಗೆ ಹೋಗಿ ಕಣ್ಣಿನ ಚಿಕಿತ್ಸೆಯಲ್ಲಿ ಪಳಗಿದರು. ಆ ನಗರದಲ್ಲಿ ನೆಲೆಸಿದ್ದರೆ ಅನುಕೂಲಸ್ಥರ ಕಣ್ಣು ನೋಡುತ್ತ ಸುಖವಾಗಿ ಇರಬಹುದಿತ್ತು. ಆದರೆ 1942ರಲ್ಲಿ ಗಾಂಧೀಜಿಯವರು ಮುಂಬೈಯಲ್ಲಿ ಕೊಟ್ಟ ಕರೆ ಆ ಯುವ ಡಾಕ್ಟರ ಮನಸ್ಸನ್ನು ತಿರುಗಿಸಿತು. ಕೆಲವರು ಸೆರೆಮನೆಗೆ ಹೋದರು, ಇವರು ಹಳ್ಳಿಗೆ ಹೊರಟರು. 1943ರಿಂದ ಊರೂರು ತಿರುಗಿ ಉಚಿತವಾಗಿ ಕಣ್ಣಿನ ಪೊರೆ ತೆಗೆಯುವ ಕೆಲಸ ಶುರುವಾಯಿತು. ಅರ್ಧ ಶತಮಾನ ಕಳೆದರೂ ಅದು ನಿಲ್ಲಲಿಲ್ಲ.

ಅವರು ಎದುರಿಸಿದ ಭಯ ಎಂಥದು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹಳ್ಳಿಯ ಜನರ ಭಯವನ್ನು ಮೌಢ್ಯವೆಂದು ತಳ್ಳಿಹಾಕುವುದು ಪಟ್ಟಣದವರ ಚಾಳಿ. ನನಗೆ ಅದು ಸರಿಕಾಣುವುದಿಲ್ಲ. ಆ ಭಯಕ್ಕೆ ಆಧಾರವಿತ್ತು. ನಮ್ಮ ದೇಶದಲ್ಲಿ ಪೊರೆಗೆ ಹಿಂದಿನಿಂದಲೂ ಒಂದು ಚಿಕಿತ್ಸೆ ಇತ್ತು. ಊರಿಂದೂರಿಗೆ ಅಲೆಯುವ ವೈದ್ಯರು ಮೊನಚಾದ ಸೂಜಿಯನ್ನು ಕಣ್ಣಿಗೆ ಚುಚ್ಚಿ, ಪಾಪೆಯ ಹಿಂದೆ ಬೆಳ್ಳಗಾಗಿ ನಿಂತ ಮಸೂರವನ್ನು ಕೆಳಕ್ಕೆ ನೂಕಿಬಿಡುತ್ತಿದ್ದರು. ಪರದೆ ಸರಿದ ಹಾಗೆ ಒಮ್ಮೆಲೇ ಬೆಳಕು ಕಾಣುತ್ತಿತ್ತು. ಬೆರಳು ಎಷ್ಟು ಎಂದು ಕೇಳಿ, ಸರಿಯಾದ ಉತ್ತರ ಬಂದ ಕೂಡಲೇ ಹಣ ಪಡೆದು ವೈದ್ಯ ಮುಂದಿನ ಊರು ಸೇರುತ್ತಿದ್ದ. ಆದರೆ ನೂಕಿದ ಮಸೂರ ಕಣ್ಣೊಳಗೇ ಉಳಿಯುತ್ತಿತ್ತು. ಕೆಲವು ದಿನಗಳಲ್ಲೋ ತಿಂಗಳಲ್ಲೋ ಅನೇಕರ ಕಣ್ಣು ಊದಿ, ಕೀವಾಗಿ, ನೋವು ತಡೆಯಲಾರದೆ, ಇದ್ದ ಮಸುಕು ಬೆಳಕೂ ಹೋಗುತ್ತಿತ್ತು. ಅಂಥ ಒಬ್ಬನನ್ನು ಕಂಡ ಊರಿನಲ್ಲಿ ಮೂರು ತಲೆಮಾರು ಯಾರೂ ಕಣ್ಣು ಮುಟ್ಟಿಸಿಕೊಳ್ಳದಿದ್ದರೆ ಆಶ್ಚರ್ಯವೇನು? ನಮ್ಮ ನಾನಿಯೂ ಎಳೆಯ ಹುಡುಗಿಯಾಗಿದ್ದಾಗ ಅಂಥ ಮುದುಕನೊಬ್ಬನ ಕಣ್ಣನ್ನು ನೋಡಿದ್ದರು. ಎಪ್ಪತ್ತು ವರ್ಷವಾದರೂ ಅದನ್ನು ಮರೆತಿರಲಿಲ್ಲ.

ಇದರ ಜೊತೆಗೆ ನಾಚಿಕೆಯೂ ಸೇರಿಕೊಂಡಿತ್ತು. ಕುರುಡು ಹಣೆಬರಹವೆಂದು ಕೆಲವರು, ಹಿಂದೆ ಮಾಡಿದ್ದರ ಫಲವೆಂದು ಕೆಲವರು. ನಮ್ಮಲ್ಲಿ ತಕ್ದೀರ್ ಎನ್ನುತ್ತಿದ್ದರು. ಮಾತು ಬೇರೆ, ಪರಿಣಾಮ ಒಂದೇ. ಕಣ್ಣು ಕಾಣದ ವಿಷಯವನ್ನು ಮನೆಯವರು ಹೊರಗೆ ಹೇಳುತ್ತಿರಲಿಲ್ಲ.

ಡಾಕ್ಟರ್ ಮೋದಿಯವರು ಈ ಭಯದೊಂದಿಗೆ ವಾದಕ್ಕೆ ನಿಲ್ಲಲಿಲ್ಲ. ಆಪರೇಷನ್ನನ್ನೇ ಜನರ ಮನೆ ಬಾಗಿಲಿಗೆ ತಂದರು. ಆ ಕಾಲದ ಶಿಬಿರಗಳು ನಡೆಯುತ್ತಿದ್ದ ರೀತಿಯನ್ನು ನಿಮ್ಮ ಮನೆಯ ಹಿರಿಯರು ಬಲ್ಲರು. ಊರಿನ ವರ್ತಕರು, ಮೇಷ್ಟ್ರುಗಳು, ಸೇವಾ ಸಂಸ್ಥೆಯವರು ಸೇರಿ ಒಂದು ಶಾಲೆಯನ್ನೋ ಛತ್ರವನ್ನೋ ತೆರವು ಮಾಡಿಕೊಡುತ್ತಿದ್ದರು. ಸುತ್ತಲ ಹಳ್ಳಿಗಳಲ್ಲಿ ಡಂಗುರ ಹೊಡೆಸುತ್ತಿದ್ದರು. ಎತ್ತಿನ ಗಾಡಿಗಳಲ್ಲಿ, ಮಕ್ಕಳ ಹೆಗಲ ಮೇಲೆ ಕೈಯಿಟ್ಟು ಕಾಲುನಡಿಗೆಯಲ್ಲಿ ಜನ ಬರುತ್ತಿದ್ದರು. ಮೊದಲು ಪರೀಕ್ಷೆ. ಆಮೇಲೆ ರೆಪ್ಪೆಗೂದಲು ಕತ್ತರಿಸಿ, ಕಣ್ಣು ತೊಳೆದು, ಮರಗಟ್ಟುವ ಔಷಧ ಹಾಕುವುದು. ಡಾಕ್ಟರು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸರಿಯುತ್ತ ಪೊರೆ ತೆಗೆಯುವುದು, ಹಿಂದಿನಿಂದ ಸಹಾಯಕರು ಪಟ್ಟಿ ಕಟ್ಟುವುದು. ಶಾಲೆಯ ಕೋಣೆಗಳಲ್ಲಿ ಚಾಪೆಯ ಮೇಲೆ ಸಾಲಾಗಿ, ಅಲುಗಾಡದೆ ಅಂಗಾತ ಮಲಗಿದವರು ಸಾಬರೋ ಗೌಡರೋ ಹೊಲೆಯರೋ ಎಂದು ಪಟ್ಟಿ ಕಟ್ಟಿದ ಮುಖ ನೋಡಿ ಹೇಳುವಂತಿರಲಿಲ್ಲ. ಊರಿನವರು ಗಂಜಿ ಕಾಯಿಸಿ ಹಂಚುತ್ತಿದ್ದರು.

ಆಗಿನ ವಿಧಾನದಲ್ಲಿ ಮಸೂರವನ್ನು ಇಡಿಯಾಗಿ ಹೊರಕ್ಕೆ ತೆಗೆಯುತ್ತಿದ್ದರು. ಒಳಗೆ ಬೇರೆ ಮಸೂರ ಇಡುವ ಪದ್ಧತಿ ಬಂದಿರಲಿಲ್ಲ. ಅದಕ್ಕೇ ಆ ಸೋಡಾಬುಡ್ಡಿ ಕನ್ನಡಕ. ಅದನ್ನು ಹಾಕಿಕೊಂಡವರಿಗೆ ಎಲ್ಲವೂ ದೊಡ್ಡದಾಗಿ ಹತ್ತಿರ ಕಾಣುವುದು, ಮೆಟ್ಟಿಲು ಇಳಿಯುವಾಗ ಕಾಲು ತಪ್ಪುವುದು. ಆದರೂ ಮೊಮ್ಮಗನ ಮುಖ ಕಾಣುತ್ತಿತ್ತು, ಹೊಲದ ಬದು ಕಾಣುತ್ತಿತ್ತು.

ಭಯ ಬಿಟ್ಟದ್ದು ಹೀಗೆ. ಊರಿನ ಒಬ್ಬ ಧೈರ್ಯವಂತ ಮುದುಕ ಹೋಗಿ, ಎಂಟು ಹತ್ತು ದಿನದ ಮೇಲೆ ಯಾರ ಕೈಯನ್ನೂ ಹಿಡಿಯದೆ ಸಂತೆಗೆ ಬಂದರೆ ಸಾಕು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಮುಂದಿನ ಶಿಬಿರಕ್ಕೆ ಆ ಊರಿನಿಂದ ಹತ್ತು ಜನ. ಜನ ಮೋದಿಯವರನ್ನು ಕಣ್ಣು ಕೊಟ್ಟ ಅಣ್ಣ ಎಂದು ಕರೆದರು. ಕಣ್ಣು ಕೊಡುವವನು ಅಲ್ಲಾಹನೊಬ್ಬನೇ ಎಂದು ನಂಬುವ ನಮಗೂ ಆ ಪ್ರೀತಿಯ ಅರ್ಥ ತಿಳಿಯದ್ದೇನಲ್ಲ.

ಈಗ ಕೆಲವು ಲೆಕ್ಕ. ಗಿನ್ನೆಸ್ ದಾಖಲೆ ಪುಸ್ತಕ ಅವರ ಕೆಲಸವನ್ನು 1993ರ ಫೆಬ್ರವರಿಯವರೆಗೆ ಎಣಿಸಿ ಬರೆದಿದೆ. ಹೋದ ಹಳ್ಳಿಗಳು 46,120. ನೋಡಿದ ರೋಗಿಗಳು 1,21,18,630. ಮಾಡಿದ ಶಸ್ತ್ರಚಿಕಿತ್ಸೆಗಳು 6,10,564. ಒಂದೇ ದಿನದಲ್ಲಿ 833 ಪೊರೆಗಳನ್ನು ತೆಗೆದದ್ದೂ ಆ ಪುಸ್ತಕದಲ್ಲಿದೆ. ಈ ಅಂಕಿಗಳನ್ನು ಓದಿ ಬೆರಗಾಗುವುದು ಸುಲಭ. ನೀವು ಭಾಗಾಕಾರ ಮಾಡಿ ನೋಡಿ. ಐವತ್ತು ವರ್ಷಕ್ಕೆ ಹಂಚಿದರೆ ರಜೆಯಿಲ್ಲದೆ ದಿನಕ್ಕೆ ಮೂವತ್ತಮೂರು ಆಪರೇಷನ್. ಇನ್ನೊಂದು ರೀತಿಯಲ್ಲಿ ನೋಡಿದರೆ, ಅವರು ಪರೀಕ್ಷಿಸಿದ ಸುಮಾರು ಇಪ್ಪತ್ತು ಜನರಿಗೆ ಒಂದೇ ಶಸ್ತ್ರಚಿಕಿತ್ಸೆ. ಕಣ್ಣು ತೋರಿಸಲು ಹೋದರೆ ಹಿಡಿದು ಕೊಯ್ದೇ ಬಿಡುತ್ತಾರೆ ಎಂಬ ಅಂಜಿಕೆ ಇಂದಿಗೂ ಕೆಲವರಲ್ಲಿದೆ. ಅಂಥವರಿಗೆ ಈ ಲೆಕ್ಕ ಹೇಳಿ.

ದಿನಕ್ಕೆ 833 ಎಂದರೆ ಅವಸರವಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ರೋಗಿಯನ್ನು ಸಿದ್ಧಪಡಿಸುವುದು, ಪಟ್ಟಿ ಕಟ್ಟುವುದು, ಸಾಗಿಸುವುದು ಎಲ್ಲವನ್ನೂ ಬೇರೆಯವರು ಮಾಡಿದರೆ ಶಸ್ತ್ರವೈದ್ಯನ ಕೈಗೆ ಉಳಿಯುವುದು ಕೆಲವೇ ನಿಮಿಷಗಳ ಕೆಲಸ. 1976ರಲ್ಲಿ ಮಧುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆಯೂ ಈ ಕೆಲಸ ಹಂಚಿಕೆಯ ಮೇಲೆಯೇ ಬೆಳೆಯಿತು. ಆದರೆ ಶಾಲೆಯ ಕೋಣೆ ಆಸ್ಪತ್ರೆಯಲ್ಲ. ದೇಶದ ಬೇರೆ ಬೇರೆ ಕಡೆ ಶಿಬಿರಗಳಲ್ಲಿ ಸೋಂಕು ತಗುಲಿ ಜನ ಕಣ್ಣು ಕಳೆದುಕೊಂಡದ್ದೂ ಉಂಟು. ಹಾಗಾಗಿ ಈಗ ಹಳ್ಳಿಯಲ್ಲಿ ಪರೀಕ್ಷೆ ಮಾತ್ರ ನಡೆಸಿ, ಆಪರೇಷನ್ನಿಗೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಅದು ಒಳ್ಳೆಯದೇ ಆಯಿತು. ಆಸ್ಪತ್ರೆಯ ಮೆಟ್ಟಿಲು ಹತ್ತುವ ಧೈರ್ಯ ಜನರಿಗೆ ಬಂದದ್ದು ಮಾತ್ರ ಆ ಶಾಲೆಯ ಚಾಪೆಗಳ ಮೇಲೆ ಎಂದು ನನ್ನ ಅಭಿಪ್ರಾಯ.

ಭಾರತ ಸರಕಾರ ಮೋದಿಯವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ನೀಡಿತು. ಬೆಂಗಳೂರಿನಲ್ಲಿ ಅವರ ಹೆಸರಿನ ಧರ್ಮಾರ್ಥ ಕಣ್ಣಾಸ್ಪತ್ರೆಯಿದೆ, ಅಲ್ಲಿನ ರಸ್ತೆಗೂ ಅವರ ಆಸ್ಪತ್ರೆಯದೇ ಹೆಸರು. 2005ರ ನವೆಂಬರ್ 11ರಂದು, 89ರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮೋದಿಯವರ ಶಿಬಿರಗಳಿಂದಲೂ ಪೂರ್ತಿ ಬಿಡದ ಒಂದು ಭಯ ನಮ್ಮ ಮನೆಗಳಲ್ಲಿ ಉಳಿಯಿತು. ಅದು ಸುಜೂದ್‌ನ ಮಾತು. ಇದನ್ನು ಹಗುರವಾಗಿ ಕಾಣಬೇಡಿ. ಹಝ್ರತ್ ಇಬ್ನು ಅಬ್ಬಾಸ್(ರ) ಕೊನೆಗಾಲದಲ್ಲಿ ದೃಷ್ಟಿ ಕಳೆದುಕೊಂಡಿದ್ದರು. ಚಿಕಿತ್ಸೆ ಮಾಡುತ್ತೇವೆ, ಆದರೆ ಕೆಲವು ದಿನ ಸುಜೂದ್ ಮಾಡದೆ ಮಲಗಿಯೇ ನಮಾಝ್ ಮಾಡಬೇಕು ಎಂದು ವೈದ್ಯರು ಹೇಳಿದಾಗ ಅವರು ಒಪ್ಪಲಿಲ್ಲ ಎಂಬ ವರದಿ ಇದೆ. ನಮ್ಮ ಹಿರಿಯರು ಇದನ್ನು ವಅಝ್‌ಗಳಲ್ಲಿ ಕೇಳಿರುತ್ತಾರೆ. ಕೇಳಿ, ಕುರುಡನ್ನೇ ಆರಿಸಿಕೊಳ್ಳುತ್ತಾರೆ.

ಆದರೆ ಮದ್ರಸದಲ್ಲಿ ನಾವು ಓದಿದ ಫಿಕ್ಹ್ ಅಲ್ಲಿಗೆ ನಿಲ್ಲುವುದಿಲ್ಲ. ಅರಬಿಯಲ್ಲಿ ಪೊರೆಗೆ ನೀರು ಎಂಬ ಅರ್ಥದ ಮಾತೇ ಬಳಕೆಯಲ್ಲಿತ್ತು. ಕಣ್ಣಿನಿಂದ ನೀರು ತೆಗೆಸಿಕೊಂಡವನಿಗೆ ವೈದ್ಯನು ಅಂಗಾತ ಮಲಗಿರಲು ಹೇಳಿದರೆ ಅವನು ಮಲಗಿದಲ್ಲಿಯೇ ಸನ್ನೆಯಿಂದ ನಮಾಝ್ ಮಾಡಬಹುದೆಂದು ಹನಫೀ ಗ್ರಂಥಗಳು ಸ್ಪಷ್ಟವಾಗಿ ಹೇಳಿವೆ. ಅದಕ್ಕೆ ಕೊಟ್ಟ ಕಾರಣವನ್ನು ಗಮನಿಸಿ. ಅಂಗಗಳ ಮರ್ಯಾದೆ ಜೀವದ ಮರ್ಯಾದೆಯಂಥದೇ. ಇಬ್ನು ಅಬ್ಬಾಸರದು(ರ) ಅವರ ಸ್ವಂತ ಎಚ್ಚರ, ಅದು ಅವರ ಸ್ಥಾನಕ್ಕೆ ತಕ್ಕುದು. ಅದನ್ನು ನಮ್ಮ ತಾಯಂದಿರ ಮೇಲೆ ಹೊರಿಸುವ ಹಕ್ಕು ನಮಗೆ ಇಲ್ಲ.

ದೇಹ ಕೊಯ್ಯಿಸಬಾರದು ಎನ್ನುವವರು ಉರ್ವ ಬಿನ್ ಝುಬೈರ್‌ರನ್ನು ನೆನೆಯಲಿ. ಹಝ್ರತ್ ಆಯಿಶಾರ(ರ) ಸೋದರಿಯ ಮಗ, ಮದೀನದ ಏಳು ಮಹಾ ಫುಕಹಾಗಳಲ್ಲಿ ಒಬ್ಬರು. ಕಾಲು ಕೊಳೆಯತೊಡಗಿದಾಗ ವೈದ್ಯರ ಮಾತಿನಂತೆ ಅದನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಮತ್ತು ಬರಿಸುವ ಪಾನೀಯವನ್ನು ಮಾತ್ರ ನಿರಾಕರಿಸಿದರು, ಕತ್ತಿಯನ್ನಲ್ಲ. ಶಸ್ತ್ರಚಿಕಿತ್ಸೆಯನ್ನು ಪರಕೀಯ ವಿದ್ಯೆ ಎನ್ನುವವರೂ ಇದ್ದಾರೆ. ಸಾವಿರ ವರ್ಷದ ಹಿಂದೆ ಕುರ್ತುಬದ ಅಝ್ಝಹ್ರಾವಿ ತಮ್ಮ ಮಹಾಗ್ರಂಥದ ಮೂವತ್ತನೆಯ ಭಾಗವನ್ನು ಇಡಿಯಾಗಿ ಇದಕ್ಕೇ ಮೀಸಲಿಟ್ಟು ಉಪಕರಣಗಳ ಚಿತ್ರ ಬರೆದರು. ಅದೇ ಕಾಲದಲ್ಲಿ ಮೌಸಿಲ್‌ನ ಅಮ್ಮಾರ್ ಎಂಬ ವೈದ್ಯರು ಪೊರೆಯನ್ನು ಒಳಕ್ಕೆ ನೂಕುವ ಬದಲು ಟೊಳ್ಳು ಸೂಜಿಯಿಂದ ಹೀರಿ ಹೊರತೆಗೆಯಲು ಪ್ರಯತ್ನಿಸಿದರು.

ವಯಸ್ಸಾಯಿತು ಎಂಬ ಮಾತು ಉಳಿಯಿತು. ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದ ಗ್ರಾಮೀಣ ಅರಬರಿಗೆ ಪ್ರವಾದಿಯವರು(ಸ) ಪಡೆಯಿರಿ ಎಂದರು, ಮುಪ್ಪಿನ ಹೊರತು ಪ್ರತಿ ರೋಗಕ್ಕೂ ಮದ್ದಿದೆಯೆಂದು ತಿಳಿಸಿದರು. ಕೆಲವರು ಈ ಹೊರತು ಎಂಬುದನ್ನೇ ಹಿಡಿದುಕೊಳ್ಳುತ್ತಾರೆ. ಪೊರೆ ಮುಪ್ಪಿನಲ್ಲಿ ಬರುವ ರೋಗ ನಿಜ, ಆದರೆ ಅದೇ ಮುಪ್ಪಲ್ಲ. ಅದಕ್ಕೆ ಮದ್ದಿದೆ, ಅದು ಕತ್ತಿಯ ತುದಿಯಲ್ಲಿದೆ. ಹನಿ ಔಷಧದಿಂದ ಪೊರೆ ಕರಗುವುದಿಲ್ಲ.

ನಮ್ಮ ಮನೆಯಲ್ಲಿ ತಪ್ಪು ನಡೆದದ್ದು ಬಲಿಯಲಿ ಎಂಬ ಮಾತಿನಿಂದ. ಹಳೆಯ ವಿಧಾನದಲ್ಲಿ ಪೊರೆ ಬಲಿಯುವವರೆಗೆ ಕಾಯುವಂತೆ ಡಾಕ್ಟರರೇ ಹೇಳುತ್ತಿದ್ದರು, ಚಳಿಗಾಲಕ್ಕೆ ಬನ್ನಿ ಎನ್ನುತ್ತಿದ್ದರು. ಕಾಲ ಬದಲಾಯಿತು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಕಣ್ಣೊಳಗೆ ಕೃತಕ ಮಸೂರ ಇಡುವುದನ್ನು ಆರಂಭಿಸಿದ್ದರು. 1990ರ ದಶಕದಲ್ಲಿ ಅದು ನಮ್ಮ ಕಡೆಯ ಆಸ್ಪತ್ರೆಗಳಿಗೂ ಬಂತು. ಕಾಯುವ ಅಗತ್ಯ ಉಳಿಯಲಿಲ್ಲ. ಆದರೆ ಹಳೆಯ ಮಾತು ಜನರ ಬಾಯಲ್ಲಿ ಉಳಿಯಿತು. ನಾನಿ ಬಲಿಯಲಿ ಎಂದರು, ಮಾಮೂಗಳು ಹೂಂ ಎಂದರು. ಹೆಂಗಸಿನ ಕಣ್ಣಲ್ಲವೇ, ಅಡುಗೆಮನೆಗೆ ದಾರಿ ಗೊತ್ತಿದ್ದರೆ ಸಾಕು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಡೆದದ್ದು ಮಾತ್ರ ಹಾಗೆಯೇ. ಒಂದು ರಾತ್ರಿ ಎಡಗಣ್ಣು ಕೆಂಪಾಗಿ, ತಲೆ ಸಿಡಿಯುವ ನೋವು, ವಾಂತಿ. ಎರಡು ದಿನ ಮನೆಮದ್ದು ಮಾಡಿ ಮೂರನೆಯ ದಿನ ದಾವಣಗೆರೆಗೆ ಹೋದೆವು. ಪೊರೆ ಅತಿಯಾಗಿ ಬಲಿತು ಸೋರಿ, ಕಣ್ಣೊಳಗೆ ಒತ್ತಡ ಏರಿ ನರ ಕೆಟ್ಟಿತ್ತು. ಆ ಕಣ್ಣು ಮತ್ತೆ ಬರಲಿಲ್ಲ.

ಬಲಗಣ್ಣು ಉಳಿದಿತ್ತು, ಅದರಲ್ಲೂ ಪೊರೆ. ನಾನಿ ಈಗ ಇನ್ನಷ್ಟು ಗಟ್ಟಿಯಾಗಿ ಒಲ್ಲೆನೆಂದರು. ಅವರನ್ನು ಒಪ್ಪಿಸಿದ್ದು ನಾವಲ್ಲ, ಊರಿನ ಮೌಲವಿಗಳೂ ಅಲ್ಲ. ಪಕ್ಕದ ಮನೆಯ ಲಿಂಗಾಯತರ ಅಜ್ಜಿ. ಆಕೆ ಅದೆಷ್ಟೋ ವರ್ಷದ ಹಿಂದೆ ಯಾವುದೋ ಶಿಬಿರದಲ್ಲಿ ಕಣ್ಣು ಮಾಡಿಸಿಕೊಂಡವರು. ಅವರ ಬಾಯಲ್ಲಿ ಅದೂ ಮೋದಿ ಕ್ಯಾಂಪೇ. ಒಂದು ಮಧ್ಯಾಹ್ನ ಬಂದು ನಾನಿಯ ಎದುರು ಕುಳಿತು, ಉಪದೇಶ ಒಂದೂ ಹೇಳದೆ, ಮೊರದಲ್ಲಿದ್ದ ಅಕ್ಕಿಯಿಂದ ಕಲ್ಲು ಆರಿಸತೊಡಗಿದರು. ಆರಿಸಿದ ಒಂದೊಂದು ಕಲ್ಲನ್ನೂ ನಾನಿಯ ಅಂಗೈಯಲ್ಲಿ ಇಡುತ್ತ ಹೋದರು. ಮೊರ ಮುಗಿಯುವಷ್ಟರಲ್ಲಿ ನಾನಿ ರೈಲಿನ ಹೊತ್ತು ಕೇಳಿದರು.

ಆಪರೇಷನ್ ಅರ್ಧ ಗಂಟೆಯೂ ಹಿಡಿಯಲಿಲ್ಲ. ಕೆಲವು ದಿನ ತಲೆ ಬಗ್ಗಿಸಬಾರದೆಂದು ಡಾಕ್ಟರರು ಹೇಳಿದರು. ಅಂದು ಝುಹ್ರ್‌ನಿಂದಲೇ ನಾನಿ ಸನ್ನೆಯಿಂದ ನಮಾಝ್ ಮಾಡಿದರು, ನಾನು ಪಕ್ಕದಲ್ಲಿ ಕಿಬ್ಲದ ದಿಕ್ಕು ತೋರಿಸಲು ಕುಳಿತಿದ್ದೆ. ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಊರಿಗೆ ಮರಳಿದೆವು. ಮನೆ ಹೊಕ್ಕವರು ಮೊದಲು ನನ್ನ ಮುಖ ಹಿಡಿದು ನೋಡಿ, ಇಷ್ಟು ಬಡಕಲಾಗಿದ್ದೀಯೆಂದು ಯಾರೂ ತಮಗೆ ಹೇಳಲಿಲ್ಲವೆಂದರು. ಆಮೇಲೆ ತಲೆಯೆತ್ತಿ ಅಡುಗೆಮನೆಯ ಜಂತೆ ನೋಡಿದರು. ಅಲ್ಲಿನ ಜೇಡರ ಬಲೆಗಳನ್ನು ಎಷ್ಟು ವರ್ಷದಿಂದ ಯಾರೂ ಹೊಡೆದಿಲ್ಲವೆಂದು ನಮ್ಮ ಅಮ್ಮಿಯನ್ನು ಕೇಳಿ, ಪೊರಕೆ ತರಲು ನನ್ನನ್ನು ಓಡಿಸಿದರು.